ಪದಚರ್ಚೆ: ಬಂದೂಕು ‘ರೆಲಿಂಕ್ವಿಶ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಫ್ರೀಮಾಂಟ್, ಕ್ಯಾಲಿಫೋರ್ನಿಯಾದಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಮಹಿಳಾ ಸಹಾಯ ಗುಂಪೊಂದಕ್ಕೆ ಎರಡು ಪುಟದ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ವಿಷಯ ಇಷ್ಟು: ಗಂಡನೋ ಸಂಗಾತಿಯೋ ಹೊಡೆಯುತ್ತಾನೆ, ಬೆದರಿಸುತ್ತಾನೆ ಅಂತ ಹೆಂಗಸು ಕೋರ್ಟಿಗೆ ಹೋದರೆ ಅವನ ಮೇಲೆ ರಿಸ್ಟ್ರೇನಿಂಗ್ ಆರ್ಡರ್ ಹೊರಡಿಸುತ್ತಾರೆ. ಅದು ಇರುವಷ್ಟು ದಿನ ಅವನು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ, ಹೊಸದು ಕೊಳ್ಳುವ ಹಾಗೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆರ್ಡರ್ ಕೈ ಸೇರಿದ 24 ಗಂಟೆಯೊಳಗೆ ಇರುವುದನ್ನೆಲ್ಲ ಪೊಲೀಸರಿಗೆ ಕೊಡಬೇಕು, ಇಲ್ಲವೇ ಲೈಸೆನ್ಸ್ ಇರುವ ಅಂಗಡಿಯಲ್ಲಿ ಮಾರಬೇಕು ಅಥವಾ ಇಡಬೇಕು. 48 ಗಂಟೆಯೊಳಗೆ ರಸೀದಿ ಕೋರ್ಟಿಗೆ ತಲುಪಬೇಕು.

ನನಗೆ ಮೂರು ಕಡೆ ತೊಡಕಾಗಿದೆ. ಆರ್ಡರ್‌ಗೆ ‘ತಡೆಯಾಜ್ಞೆ’ ಸಾಕಾ? ‘ಫೈರ್‌ಆರ್ಮ್’ ಅಂದರೆ ಪಿಸ್ತೂಲೂ ಬರಬೇಕು, ಒಂದೇ ಪದ ಇದೆಯಾ? ಮತ್ತೆ ‘ರೆಲಿಂಕ್ವಿಶ್’, ಅಂದರೆ ಕೈಯಲ್ಲಿರುವುದನ್ನು ಬಿಟ್ಟುಕೊಡುವುದು. ನಿಘಂಟು ‘ಪರಿತ್ಯಜಿಸು’ ಅನ್ನುತ್ತದೆ. ಬಂದೂಕು ಪರಿತ್ಯಜಿಸಿ ಕಾಡಿಗೆ ಹೋದ ಹಾಗೆ ಕೇಳಿಸುತ್ತದೆ.

ಧಾರವಾಡದಿಂದ:

‘ತಡೆಯಾಜ್ಞೆ’ ಬೇಡ. ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದ ಅರಿಸಮಾಸ ಅದು. ‘ತಡೆಯಾಣೆ’ ಅನ್ನಿ, ‘ನನ್ನ ಆಣೆ, ಒಳಗೆ ಬರಬೇಡ’ ಅಂತ ತಡೆಯುವುದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಬಂದೂಕು ಅರಬ್ಬಿ, ಅಲ್ಲಿ ಅದು ಒಂದು ಕಾಯಿಯ ಹೆಸರು. ತುಪಾಕಿ ತುರ್ಕಿ. ಪಿಸ್ತೂಲು ಪೋರ್ಚುಗೀಸ್. ಉಳಿದದ್ದು ಕೋವಿ. ಕೋವಿ ಅಂದರೆ ಕೊಳವೆ. ನಳಿಗೆ ಇರುವ ಎಲ್ಲವೂ ಕೋವಿಯೇ, ಪಿಸ್ತೂಲೂ ಸೇರಿ. ಮುಗಿಯಿತಲ್ಲ.

ಬೆಂಗಳೂರಿನಿಂದ (ವಕೀಲ):

ಆಣೆಯೂ ಆಜ್ಞೆಯ ತದ್ಭವವೇ. ಅರಿಸಮಾಸ ಎಲ್ಲಿ ತಪ್ಪಿತು?

ಮೇಡಂ, ‘ತಡೆಯಾಜ್ಞೆ’ ಬೇಡ ಅನ್ನುವುದು ನನ್ನ ಮಾತೂ ಹೌದು, ಕಾರಣ ಬೇರೆ. ಇಲ್ಲಿ ತಡೆಯಾಜ್ಞೆ ಅಂದರೆ ಜನಕ್ಕೆ ಸೈಟಿನ ಜಗಳದ ‘ಸ್ಟೇ’ ನೆನಪಾಗುತ್ತದೆ. ‘ನಿಷೇಧಾಜ್ಞೆ’ ಅಂದರೆ ಊರಿನಲ್ಲಿ ಗಲಾಟೆ, ನಾಲ್ಕಕ್ಕಿಂತ ಹೆಚ್ಚು ಜನ ಸೇರಬಾರದು. ನಮ್ಮ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 18ನೇ ಸೆಕ್ಷನ್ನಿಗೆ ‘ರಕ್ಷಣಾ ಆದೇಶ’ ಅನ್ನುತ್ತೇವೆ. ಓದುವವಳು ಹೆಂಗಸು. ಅವಳ ಕಡೆಯಿಂದ ನೋಡಿದರೆ ಅದು ರಕ್ಷಣೆ, ಅವನ ಕಡೆಯಿಂದ ತಡೆ. ಅವಳ ಕಡೆಯ ಪದವೇ ಇರಲಿ. ‘ಕೌಟುಂಬಿಕ ಹಿಂಸೆ’ ಅನ್ನಬೇಡಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವನೂ ‘ಏನು ಹಿಂಸೆ ಮಾರಾಯ’ ಅನ್ನುತ್ತಾನೆ.

ಒಂದು ಎಚ್ಚರ. ನಮ್ಮ ರಕ್ಷಣಾ ಆದೇಶ ಬಂದ ಮಾತ್ರಕ್ಕೆ ಗಂಡನ ಬಂದೂಕು ತಾನಾಗಿ ಹೋಗುವುದಿಲ್ಲ. ಮ್ಯಾಜಿಸ್ಟ್ರೇಟರು ಆದೇಶದಲ್ಲಿ ಬರೆಯಬಹುದು. ಇಲ್ಲವೇ 1959ರ ಆಯುಧ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಲೈಸೆನ್ಸ್ ಕೊಟ್ಟವರೇ ಅದನ್ನು ಅಮಾನತು ಮಾಡಬೇಕು. ಹೆಸರು ಒಂದೇ ಅಂತ ಎರಡನ್ನೂ ಒಂದೇ ಅಂದುಕೊಳ್ಳಬಾರದು, ಕರಪತ್ರದಲ್ಲಿ ಒಂದು ಸಾಲು ಹಾಕಿ.

ಕೊಪ್ಪದಿಂದ:

ಧಾರವಾಡದವರು ಕೋವಿ ಹಿಡಿದಿಲ್ಲ ಅಂತ ಕಾಣುತ್ತದೆ. ನಮ್ಮಲ್ಲಿ ಕೇಪಿನ ಕೋವಿ, ತೋಟಾ ಕೋವಿ ಇವೆ. ಎಲ್ಲ ಹೆಗಲಿಗೆ ಹಾಕುವಂಥವು. ಪಿಸ್ತೂಲಿಗೆ ಕೋವಿ ಅಂದರೆ ನಮ್ಮ ತೋಟದ ಆಳು ನಗುತ್ತಾನೆ. ‘ಆಯುಧ’ವೂ ಆಗದು. ಆಯುಧಪೂಜೆ ದಿನ ನಾವು ಜೀಪಿಗೂ ಕುಂಬಳಕಾಯಿ ಒಡೆಯುವವರು. ಸುಮ್ನೆ ‘ಬಂದೂಕು, ಪಿಸ್ತೂಲು’ ಅಂತ ಎರಡೂ ಬರೆಯಿರಿ. ಮದ್ದುಗುಂಡನ್ನೂ ಸೇರಿಸಿ. ಬರೀ ‘ಗುಂಡು ಇಟ್ಟುಕೊಳ್ಳಬಾರದು’ ಅಂದರೆ ಕುಡಿಯಬಾರದು ಅಂತ ಓದಿಕೊಳ್ಳುತ್ತಾರೆ.

ನಿಮ್ಮ ಮೂರನೇ ಪದ ಮಲೆನಾಡಿನಲ್ಲಿ ಎಲ್ಲರ ಬಾಯಲ್ಲೂ ಇದೆ: ಠೇವಣಿ. ಪ್ರತಿ ಚುನಾವಣೆಗೂ ‘ಕೋವಿ ಠೇವಣಿ ಇಡಿ’ ಅಂತ ನೋಟಿಸ್ ಬರುತ್ತದೆ. ಸ್ಟೇಷನ್ನಿಗೆ ಹೊತ್ತುಕೊಂಡು ಹೋಗಿ, ಸಾಲಿನಲ್ಲಿ ನಿಂತು, ರಸೀದಿ ತರುತ್ತೇವೆ. ಅಷ್ಟು ದಿನ ಮಂಗ, ಹಂದಿಗಳಿಗೆ ಹಬ್ಬ. ಕೊಡುವುದು, ಬರೆಸುವುದು, ರಸೀದಿ ಪಡೆಯುವುದು, ಅವಧಿ ಮುಗಿದ ಮೇಲೆ ವಾಪಸು ತರುವುದು, ಎಲ್ಲ ಆ ಒಂದು ಮಾತಿನಲ್ಲಿ ಇದೆ.

ಧಾರವಾಡದಿಂದ:

ಠೇವಣಿ ಮರಾಠಿ. ‘ಠೇವಣೆ’ ಅಂದರೆ ಇಡು. ಇಡು ನಮ್ಮಲ್ಲೇ ಇರುವಾಗ ಪಕ್ಕದ ಮನೆಯಿಂದ ಯಾಕೆ ತರಬೇಕು? ‘ಇಡುಗಂಟು’ ಬಳಸಿ.

ಕೊಪ್ಪದಿಂದ:

ಕೋವಿಯನ್ನು ಗಂಟು ಕಟ್ಟುವುದು ಹೇಗೆ, ತೋರಿಸಿ ಕೊಡಿ.

ಬೆಂಗಳೂರಿನಿಂದ:

ಠೇವಣಿ ಒಳ್ಳೆಯದು, ಆದರೆ ಮಾರಿಬಿಟ್ಟರೆ ಅದು ಠೇವಣಿ ಅಲ್ಲ. ಎರಡಕ್ಕೂ ‘ಒಪ್ಪಿಸು’ ಅಷ್ಟಾಗಿ ಹೊಂದುವುದಿಲ್ಲ. ಕೊಡು, ಮಾರು, ಠೇವಣಿ ಇಡು ಅಂತ ಕ್ರಿಯಾಪದ ಮೂರು ಬಳಸಿದರೆ ಏನೂ ನಷ್ಟವಿಲ್ಲ.

ವಾಪಸು ಬರುತ್ತದೆ ಅನ್ನುವ ಧ್ವನಿ ಇರುವುದೂ ತಪ್ಪಲ್ಲ. ಇಂಥ ಆದೇಶ ಇರುವವನು ಬಂದೂಕು ಇಟ್ಟುಕೊಳ್ಳಬಾರದು ಅನ್ನುವ ನಿಯಮ ಅಮೆರಿಕದ ಕೇಂದ್ರ ಕಾನೂನಿನಲ್ಲಿ 1994ರಿಂದ ಇದೆ. ಟೆಕ್ಸಾಸ್‌ನ ರಹೀಮಿ ಎಂಬವನ ಪ್ರಕರಣದಲ್ಲಿ ಕೆಳಗಿನ ಮೇಲ್ಮನವಿ ಕೋರ್ಟು 2023ರಲ್ಲಿ ಇದನ್ನು ಸಂವಿಧಾನಕ್ಕೆ ವಿರುದ್ಧ ಅಂದಿತ್ತು. 2024ರ ಜೂನ್ 21ರಂದು ಅಲ್ಲಿನ ಸುಪ್ರೀಂ ಕೋರ್ಟು 8–1ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಇನ್ನೊಬ್ಬರ ದೈಹಿಕ ಸುರಕ್ಷತೆಗೆ ಇವನಿಂದ ನಂಬುವಂಥ ಅಪಾಯ ಇದೆ ಅಂತ ಕೋರ್ಟು ಕಂಡುಕೊಂಡರೆ, ತಾತ್ಕಾಲಿಕವಾಗಿ ಬಂದೂಕು ಕಿತ್ತುಕೊಳ್ಳಬಹುದು ಅನ್ನುವುದು ತೀರ್ಪಿನ ತಿರುಳು. ಅಲ್ಲಿ ಬಂದೂಕಿನ ನಿರ್ಬಂಧ ನಿಲ್ಲಬೇಕಾದರೆ ಹಿಂದಿನ ಕಾಲದ ಕಾನೂನಿನಲ್ಲಿ ಆಧಾರ ಬೇಕು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ತೋರಿಸಿದ್ದರಲ್ಲಿ ಒಂದು, ಗಲಾಟೆ ಮಾಡಬಹುದಾದವನಿಂದ ಮುಂಚೆಯೇ ಬಾಂಡು ಬರೆಸಿಕೊಳ್ಳುತ್ತಿದ್ದ ಹಳೆಯ ಕಾನೂನು. ಅದಕ್ಕೆ ನಮ್ಮ ಪೊಲೀಸ್ ಸ್ಟೇಷನ್ನಿನಲ್ಲಿ ಹೇಳಿಮಾಡಿಸಿದ ಪದ ಇದೆ: ಮುಚ್ಚಳಿಕೆ. ಹಬ್ಬಕ್ಕೆ ಮುಂಚೆ ರೌಡಿಗಳಿಂದ ಬರೆಸಿಕೊಳ್ಳುತ್ತಾರಲ್ಲ, ಅದೇ.

ಧಾರವಾಡದಿಂದ:

ನೋಡಿದಿರಾ, ಕಡೆಗೆ ಅಚ್ಚಗನ್ನಡಕ್ಕೇ ಬಂದಿರಿ. ಮುಚ್ಚು, ಮುಚ್ಚಳ, ಮುಚ್ಚಳಿಕೆ. ಬಾಯಿ ಮುಚ್ಚಿಸುವ ಕಾಗದ.

ಬೆಂಗಳೂರಿನಿಂದ:

ಅದು ತುರ್ಕಿಯ ‘ಮುಚಲ್ಕಾ’. ಫಾರ್ಸಿ ದಫ್ತರಗಳ ಮೂಲಕ ಬಂದದ್ದು.

ಧಾರವಾಡದಿಂದ:

ಕನ್ನಡದ ಬೇರು ಕಣ್ಣೆದುರಿಗೆ ಇದ್ದರೂ ತುರ್ಕಿಗೆ ಹೋಗುವುದು ಒಂದು ಚಾಳಿ. ಹೀಗೇ ಹೋದರೆ ನಾಳೆ ‘ಅಮ್ಮ’ನನ್ನೂ ಹೊರಗಿನವಳು ಅನ್ನುತ್ತೀರಿ.

ಫ್ರೀಮಾಂಟ್‌ನಿಂದ:

ಎಲ್ಲರಿಗೂ ಧನ್ಯವಾದ, ಆದರೆ ಇಷ್ಟಕ್ಕೆ ಸಾಕು. ಈ ಕರಪತ್ರವನ್ನು ಓದುವವಳು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಎರಡು ನಿಮಿಷದಲ್ಲಿ ಓದುತ್ತಾಳೆ. ಅವಳಿಗೆ ಗೊತ್ತಾಗಬೇಕಾದದ್ದು ಇಷ್ಟು: ಮನೆಯಲ್ಲಿ ಏನೇನು ಇದೆ ಅಂತ ಕೋರ್ಟಿಗೆ ಹೇಳಬಹುದು, ಅವನು ‘ತಮ್ಮನ ಮನೆಯಲ್ಲಿ ಇಟ್ಟು ಬಂದೆ’ ಅಂದರೆ ನಡೆಯುವುದಿಲ್ಲ, ರಸೀದಿ ಬಂತಾ ಅಂತ ಕೇಳಬಹುದು. ಕೊಪ್ಪದವರ ಸಾಲನ್ನೇ ಮುಂದಿಟ್ಟುಕೊಂಡು ಹೀಗೆ ಬರೆದಿದ್ದೇನೆ:

“ರಕ್ಷಣಾ ಆದೇಶ ಅವನ ಕೈ ಸೇರಿದ 24 ಗಂಟೆಯೊಳಗೆ ಅವನು ತನ್ನ ಬಂದೂಕು, ಪಿಸ್ತೂಲು, ಮದ್ದುಗುಂಡು ಎಲ್ಲವನ್ನೂ ಪೊಲೀಸರಿಗೆ ಕೊಡಬೇಕು, ಇಲ್ಲವೇ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೆ ಮಾರಬೇಕು ಅಥವಾ ಅಲ್ಲಿ ಠೇವಣಿ ಇಡಬೇಕು. ನೆಂಟರ, ಗೆಳೆಯರ ಹತ್ತಿರ ಇಟ್ಟರೆ ಆಗುವುದಿಲ್ಲ. 48 ಗಂಟೆಯೊಳಗೆ ರಸೀದಿಯನ್ನು ಕೋರ್ಟಿಗೆ ಕೊಡಬೇಕು.”

ವಕೀಲರು ಹೇಳಿದ ಎಚ್ಚರದ ಸಾಲು ಕೆಳಗೆ ಇದೆ. ಆಣೆ, ಇಡುಗಂಟು ಹಾಕಿಲ್ಲ. ಕ್ಷಮಿಸಿ ಸರ್.

ಧಾರವಾಡದಿಂದ:

ರಸೀದಿ ಫಾರ್ಸಿ. ಯಾರೂ ಗಮನಿಸಲಿಲ್ಲ. ‘ಪಡೆದ ಚೀಟಿ’ ಆಗಬಹುದಿತ್ತು.

ಕೊಪ್ಪದಿಂದ:

ಚೀಟಿ ಎಲ್ಲಿಯದು ಸ್ವಾಮಿ?