ಮನೆಗೆ ಕಾಫಿ ಗ್ರೈಂಡರ್: ಕೈಯಲ್ಲಿ ತಿರುಗಿಸೋದಾ, ಕರೆಂಟಿನದಾ?

ಮಲ್ಲೇಶ್ವರದವಳು:
ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಅಂಗಡಿಯಲ್ಲೇ ಪುಡಿ ಮಾಡಿಸಿ ತರುತ್ತಿದ್ದೆವು, 80ಕ್ಕೆ 20 ಚಿಕೋರಿ. ಮೊದಲ ಮೂರು ದಿನ ಡಬ್ಬಿ ಮುಚ್ಚಳ ತೆಗೆದರೆ ಅಡುಗೆಮನೆಯೆಲ್ಲ ಘಮ್ ಅನ್ನುತ್ತೆ, ಎರಡನೇ ವಾರಕ್ಕೆ ಆ ಘಮ ಇರೋದೇ ಇಲ್ಲ. ಹೋದ ತಿಂಗಳು ಚಿಕ್ಕಮಗಳೂರಿಗೆ ಹೋದಾಗ ಅರ್ಧ ಕೆಜಿ ಹುರಿದ ಪೀಬೆರಿ (ಗುಂಡಗಿರೋ ಕಾಫಿ ಬೀಜ) ಬೀಜವನ್ನೇ ತಂದು, ಮಿಕ್ಸಿಯ ಚಿಕ್ಕ ಜಾರಿಗೆ ಹಾಕಿ ತಿರುಗಿಸಿದೆ. ಅರ್ಧ ಹಿಟ್ಟಾಯಿತು, ಇನ್ನರ್ಧ ಜಜ್ಜಿದ ಮೆಣಸಿನಕಾಳಿನ ಹಾಗೆ ಉಳಿಯಿತು. ಫಿಲ್ಟರಿಗೆ ಹಾಕಿದರೆ ಒಂದು ಗಂಟೆಯಾದರೂ ಡಿಕಾಕ್ಷನ್ ಪೂರ್ತಿ ಇಳಿಯಲಿಲ್ಲ, ಇಳಿದಷ್ಟೂ ಕಹಿ. ಮನೆಯಲ್ಲಿ ನಾಲ್ಕು ಜನ, ಬೆಳಗ್ಗೆ ಆರಕ್ಕೆ ಅತ್ತೆ ಮಾವನವರಿಗೆ ಕಾಫಿ ಆಗಲೇಬೇಕು. ಯಾವುದು ತಗೊಳ್ಳಲಿ? ಬಜೆಟ್ 5 ಸಾವಿರ.

ಸಕಲೇಶಪುರದ ತೋಟ:
ಮೇಡಂ, ಕೈಯೋ ಕರೆಂಟೋ ಆಮೇಲೆ ನೋಡೋಣ. ಮೊದಲು ಒಳಗೆ ಬ್ಲೇಡ್ ಇದೆಯಾ, ಬರ್ ಇದೆಯಾ ಕೇಳಿ. ಬ್ಲೇಡು ಬೀಜವನ್ನು ಸಿಕ್ಕ ಸಿಕ್ಕ ಹಾಗೆ ಕತ್ತರಿಸುತ್ತೆ, ಅದಕ್ಕೇ ನಿಮಗೆ ಹಿಟ್ಟೂ ಬಂತು, ಚೂರೂ ಬಂತು. ಹಿಟ್ಟು ಫಿಲ್ಟರಿನ ತೂತು ಕಟ್ಟುತ್ತೆ. ಬರ್ ಅಂದರೆ ನಮ್ಮ ಬೀಸುಕಲ್ಲಿನ ಲೆಕ್ಕವೇ: ಹಲ್ಲಿರೋ ಎರಡು ತುಂಡು, ನಡುವೆ ಸಣ್ಣ ಸಂದು, ಆ ಸಂದಿನಲ್ಲಿ ಹಿಡಿಸುವಷ್ಟು ಸಣ್ಣಗಾದ ಮೇಲೆಯೇ ಪುಡಿ ಕೆಳಗೆ ಬೀಳೋದು. ಸಾವಿರ ಎರಡು ಸಾವಿರಕ್ಕೆ ಸಿಗೋ ಕರೆಂಟಿನ ಗ್ರೈಂಡರುಗಳಲ್ಲಿ ಹೆಚ್ಚಿನವು ಬ್ಲೇಡಿನವು, ಅಂದರೆ ಚಿಕ್ಕ ಮಿಕ್ಸಿ ಅಷ್ಟೆ, ದಯವಿಟ್ಟು ತಗೋಬೇಡಿ. ನಿಮ್ಮ ಬಜೆಟ್ಟಿಗೆ ಸ್ಟೀಲ್ ಬರ್ ಇರೋ ಒಳ್ಳೆ ಕೈ ಗ್ರೈಂಡರ್ ಬರುತ್ತೆ. ಅಷ್ಟೇ ಚೆನ್ನಾಗಿ ಪುಡಿ ಮಾಡೋ ಕರೆಂಟಿನದು ಬೇಕಂದರೆ ಅದರ ಎರಡು ಮೂರು ಪಟ್ಟು ಹಾಕಬೇಕು.

ಡಿಕಾಕ್ಷನ್ ಮನೆ:
ಬರ್ ವಿಷಯ ಸರಿ, ಆದರೆ ನಾಲ್ಕು ಜನಕ್ಕೆ ಕೈ ಗ್ರೈಂಡರ್ ಅನ್ನೋದನ್ನು ನಾನು ಒಪ್ಪಲ್ಲ. ಮೂರು ವರ್ಷ ಬಳಸಿದ್ದೀನಿ. ಒಂದು ಸಲಕ್ಕೆ 20-25 ಗ್ರಾಂ ಹಿಡಿಯುತ್ತೆ, ಗಟ್ಟಿ ಡಿಕಾಕ್ಷನ್ ಬೇಕಂದರೆ ಎರಡು ಸಲ ತುಂಬಬೇಕು, ಫಿಲ್ಟರಿಗೆ ಬೇಕಾದಷ್ಟು ಸಣ್ಣ ಪುಡಿಗೆ ಪ್ರತಿ ಸಲ ಎರಡು ನಿಮಿಷ ತಿರುಗಿಸಬೇಕು. ಕಡಿಮೆ ಹುರಿದ ಬೀಜ ಕಲ್ಲಿನ ಹಾಗಿರುತ್ತೆ, ಇನ್ನೂ ಜಾಸ್ತಿ ಹೊತ್ತು. ನಮ್ಮಮ್ಮನಿಗೆ ಮಣಿಕಟ್ಟು ನೋವು ಶುರುವಾದ ಮೇಲೆ ದುಡ್ಡು ಕೂಡಿಸಿ ಕರೆಂಟಿನ ಬರ್ ಗ್ರೈಂಡರ್ ತಂದೆ. ಗುಂಡಿ ಒತ್ತಿದರೆ ಅರ್ಧ ನಿಮಿಷದ ಕೆಲಸ. ಸದ್ದು ಮಾತ್ರ ಇದೆ, ಮಗು ಮಲಗಿರುತ್ತೆ ಅಂತ ರಾತ್ರಿಯೇ ಪುಡಿ ಮಾಡಿ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡ್ತೀನಿ. ಒಂದು ರಾತ್ರಿಗೆ ಘಮ ಅಷ್ಟೇನೂ ಹೋಗಲ್ಲ.

ಸಕಲೇಶಪುರದ ತೋಟ:
ರಾತ್ರಿ ಮಾಡಿಡೋದು ಒಳ್ಳೇದು, ಕೈ ಗ್ರೈಂಡರಿಗೂ ಅದೇ ದಾರಿ. ಇನ್ನೊಂದು ಮಾತು, ಚಿಕೋರಿಯನ್ನು ಗ್ರೈಂಡರಿಗೆ ಹಾಕಬೇಡಿ, ಅದು ತೇವ ಎಳೆದುಕೊಂಡು ಬರ್‌ಗೆ ಅಂಟುತ್ತೆ. ಪುಡಿಯಾದ ಮೇಲೆ ಬೆರೆಸಿ. ಚಿಕೋರಿ ನೀರು ಹಿಡಿದುಕೊಳ್ಳುತ್ತೆ, ಹಾಗಾಗಿ ಅದಿಲ್ಲದೆ ಬರೀ ಕಾಫಿ ಹಾಕಿದರೆ ಡಿಕಾಕ್ಷನ್ ಸರ್ರನೆ ಇಳಿದು ತೆಳ್ಳಗಾಗುತ್ತೆ, ಆಗ ಗ್ರೈಂಡರಿನ ಪುಡಿ ಅಳತೆಯನ್ನು ಒಂದು ಹಂತ ಸಣ್ಣಕ್ಕೆ ತಿರುಗಿಸಿ. ಬೆರಳಲ್ಲಿ ಉಜ್ಜಿ ನೋಡಿದರೆ ಚಿರೋಟಿ ರವೆಯ ಹಾಗಿರಬೇಕು. ಬರ್‌ಗೆ ನೀರು ಬೇಡ, ತುಕ್ಕು ಹಿಡಿಯುತ್ತೆ. ವಾರಕ್ಕೊಮ್ಮೆ ಒಣ ಬ್ರಷ್ ಸಾಕು.

ಮಲ್ಲೇಶ್ವರದವಳು:
ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಮಾವನವರಿಗೆ ಓದಿ ಹೇಳಿದೆ, ರಾತ್ರಿ ವಾರ್ತೆ ನೋಡುತ್ತಾ ನಾನೇ ತಿರುಗಿಸ್ತೀನಿ ಬಿಡಮ್ಮ ಅಂದರು. ಹಾಗಾಗಿ ಕೈಯದ್ದೇ ತಗೊಳ್ತಿದ್ದೀನಿ. ಮಿಕ್ಸಿಯಲ್ಲಿ ಮಾಡಿದ ಪುಡಿ ಇನ್ನೂ ಅರ್ಧ ಡಬ್ಬಿ ಇದೆ, ಏನು ಮಾಡೋದು?

ಡಿಕಾಕ್ಷನ್ ಮನೆ:
ಎಸೀಬೇಡಿ. ಫಿಲ್ಟರ್ ಬಿಟ್ಟು ಪಾತ್ರೆಯಲ್ಲಿ ಮಾಡಿ. ನೀರು ಕುದಿಸಿ ಒಲೆ ಆರಿಸಿ, ಪುಡಿ ಹಾಕಿ ತಟ್ಟೆ ಮುಚ್ಚಿ, ನಾಲ್ಕು ನಿಮಿಷ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಬಟ್ಟೆ ಹಿಂಡಬೇಡಿ, ಹಿಂಡಿದರೆ ಆ ಹಿಟ್ಟೆಲ್ಲ ಲೋಟಕ್ಕೆ ಬರುತ್ತೆ.