ಸಹಾಯ ಬೇಕು: ಸಿಗರೇಟು ಬಿಟ್ಟು 11 ದಿನ, ಕೈ ಮಾತ್ರ ಕೇಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. 14 ವರ್ಷದಿಂದ ದಿನಕ್ಕೆ ಹತ್ತು ಹನ್ನೆರಡು ಸಿಗರೇಟು ಸೇದುತ್ತಿದ್ದೆ. ಬಿಟ್ಟು ಇವತ್ತಿಗೆ 11 ದಿನ. ಇದು ಮೂರನೇ ಸಲ, ಹಿಂದಿನ ಎರಡರ ಕಥೆ ಬೇಡ ಬಿಡಿ.

ಮೊದಲ ಮೂರು ದಿನ ತಲೆನೋವು, ಸಿಡಿಮಿಡಿ. ಅದು ಗೊತ್ತಿದ್ದದ್ದೇ. ಸೇದಬೇಕು ಅನ್ನಿಸಿದಾಗ ಐದು ನಿಮಿಷ ತಡೆದರೆ ಆ ತುಡಿತ ಇಳಿಯುತ್ತದೆ ಅನ್ನುವುದೂ ನಿಜ, ಗಡಿಯಾರ ನೋಡಿಕೊಂಡೇ ಕಳೆದಿದ್ದೇನೆ.

ಈಗಿನ ಕಾಟ ಕೈಯದ್ದು. ಫೋನಿನಲ್ಲಿ ಮಾತಾಡುವಾಗ ಬಲಗೈ ತಾನಾಗಿಯೇ ಶರ್ಟಿನ ಜೇಬು ತಡಕುತ್ತದೆ. ನಿನ್ನೆ ಪೆನ್ನನ್ನು ಎರಡು ಬೆರಳ ನಡುವೆ ಹಿಡಿದು, ಇಲ್ಲದ ಬೂದಿ ಕೊಡವಿದೆ! ಮಗಳು ನೋಡಿ ನಕ್ಕಳು. ನನಗೆ ನಗು ಬರಲಿಲ್ಲ.

ಇನ್ನೊಂದು, ರಾತ್ರಿ ಎರಡು ಗಂಟೆಗೆ ಎಚ್ಚರ. ಸಿಗರೇಟು ಬಿಟ್ಟ ಮೇಲೆ ಕೆಫೀನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ ಅಂತ ಡಾಕ್ಟರ್ ಹೇಳಿದರು. ಕಾಫಿ ಅರ್ಧಕ್ಕೆ ಇಳಿಸಿದ್ದೇನೆ, ಸ್ವಲ್ಪ ವಾಸಿ.

2 ಮಿಲಿಗ್ರಾಂ ನಿಕೋಟಿನ್ ಗಮ್ ನಡೆಯುತ್ತಿದೆ. ಮೊದಮೊದಲು ಸುಮ್ನೆ ಚೂಯಿಂಗ್ ಗಮ್ ಥರ ಜಗಿದು ಬಿಕ್ಕಳಿಕೆ ಬಂತು. ನಿಧಾನವಾಗಿ ಜಗಿದು, ಬಾಯಿ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆಯ ಒಳಗೆ ಇಟ್ಟುಕೊಳ್ಳಬೇಕು ಅಂತ ಆಮೇಲೆ ತಿಳಿಯಿತು.

ಬಿಟ್ಟವರು ಹೇಳಿ, ನಿದ್ದೆ ಎಷ್ಟು ದಿನಕ್ಕೆ ಸರಿಹೋಯಿತು? ಕೈಗೆ ಏನು ಕೆಲಸ ಕೊಟ್ಟಿರಿ? ಗಮ್ ಕಡಿಮೆ ಮಾಡಿದ್ದು ಹೇಗೆ? ಮುಂದಿನ ವಾರ ಹಳೇ ಗೆಳೆಯರು ಸೇರುತ್ತಿದ್ದಾರೆ, ಎಲ್ಲರೂ ಸೇದುವವರೇ. ಹೋಗಲಾ, ತಪ್ಪಿಸಿಕೊಳ್ಳಲಾ?

‘ಒಂದೇ ಒಂದು ಸೇದಿದರೆ ಏನಾಗುತ್ತೆ’ ಅನ್ನುವವರು ದಯವಿಟ್ಟು ಬರೆಯಬೇಡಿ. ಕಳೆದ ಸಲ ನಾನು ಕೆಟ್ಟಿದ್ದು ಅದೇ ಮಾತಿಗೆ.