ಫ್ರಾಂಕನ್‌ಸ್ಟೈನ್‌ಗೆ ಫ್ರಾಯ್ಡ್‌ನ ಮನೋವಿಶ್ಲೇಷಣೆ ಹಚ್ಚಿ ಓದಿದವರು ಇದ್ದೀರಾ?

ಕೊನೆಸೆಮ್: ಎಂ.ಎ. ಪ್ರಬಂಧ, ಮೇರಿ ಶೆಲ್ಲಿಯ ಈ ಕಾದಂಬರಿ ಮೇಲೆ. ಕಥಾನಾಯಕ ವಿಕ್ಟರ್ ಫ್ರಾಂಕನ್‌ಸ್ಟೈನ್ ಮತ್ತು ಅವನು ಮಾಡಿದ ಜೀವಿ ಒಂದೇ ಮನಸ್ಸಿನ ಎರಡು ತುಂಡು ಅಂತ ಓದಬೇಕೆಂದಿದ್ದೇನೆ. ಆರು ವಾರ ಇದೆ. ಅನುಭವ ಹೇಳಿ.

ಹಳೇಪುಸ್ತಕ: ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಎಲಿಜಬೆತ್ ವಿಕ್ಟರನ ಸೋದರತ್ತೆ ಮಗಳು, ತಂಗಿ ಥರ ಬೆಳೆದವಳು, ಅದಕ್ಕೇ ಅವನಿಗೆ ಮದುವೆ ಅಂದರೆ ದಿಗಿಲು, ಆ ದಿಗಿಲೇ ಜೀವಿಯಾಗಿ ಮದುವೆ ರಾತ್ರಿ ಬಂದು ಅವಳ ಕತ್ತು ಹಿಸುಕುತ್ತದೆ ಅಂತ ನಲವತ್ತು ಪುಟ ಬರೆದೆ. ನನ್ನ ಕೈಲಿದ್ದದ್ದು 1831ರ ಆವೃತ್ತಿ. ಅದರಲ್ಲಿ ಅವಳು ಇಟಲಿಯ ಬಡವರ ಮನೆಯಿಂದ ತಂದು ಸಾಕಿದ ಮಗು! ಕಜಿನ್ ಅಂತ ಸುಮ್ನೆ ಕರೆಯುತ್ತಾರೆ ಅಷ್ಟೇ. ನಿಜವಾದ ನಂಟು ಇರುವುದು 1818ರದ್ದರಲ್ಲಿ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಗೊತ್ತಾಯಿತು. ನಾಲ್ಕು ಪ್ರತಿ ಮತ್ತೆ ಪ್ರಿಂಟು, ಬೈಂಡಿಂಗ್, 3,860 ರೂಪಾಯಿ. ಬೆನ್ನಿನ ಮೇಲೆ ಚಿನ್ನದ ಅಕ್ಷರದಲ್ಲಿ ‘ಫ್ರಾಂಕನ್‌ಸ್ಟೋನ್’ ಅಂತ ಹಾಕಿದ್ದರು. ತಿದ್ದೋಕೆ ಬೇರೆ 200.

ನೀಲಿಇಂಕು: ಸೋದರತ್ತೆ ಮಗಳನ್ನು ಮದುವೆಯಾಗೋಕೆ ಎಂಥ ದಿಗಿಲು ರೀ? ನಮ್ಮಪ್ಪ ಆಗಿದ್ದಾರೆ, ಯಾರೂ ಬಂದು ಕತ್ತು ಹಿಸುಕಿಲ್ಲ. ನಾನು ಕನಸು ಒಂದನ್ನೇ ಹಿಡಿದೆ. ಜೀವಿ ಕಣ್ಣು ಬಿಟ್ಟ ರಾತ್ರಿ ವಿಕ್ಟರ್ ಕನಸಲ್ಲಿ ಎಲಿಜಬೆತ್‌ಗೆ ಮುತ್ತು ಕೊಡುತ್ತಾನೆ. ಅವಳು ಸತ್ತ ತಾಯಿಯ ಹೆಣವಾಗುತ್ತಾಳೆ, ಸುತ್ತಿದ ಬಟ್ಟೆಯ ಮಡಿಕೆಯಲ್ಲಿ ಹುಳ. ಬೆವತು ಎದ್ದರೆ ಮಂಚದ ಪರದೆ ಎತ್ತಿ ಜೀವಿ ಇವನನ್ನೇ ನೋಡುತ್ತಿದೆ. ಒಂದು ಪ್ಯಾರಾ ಸಾಕಾಯಿತು, 72 ಮಾರ್ಕ್ಸ್.

ಕನ್ನಡಕದವಳು: ಮಾರ್ಕ್ಸ್ ಇಟ್ಟುಕೊಳ್ಳಿ. ಜೀವಿ ನಕ್ಕು ಕೈ ಚಾಚಿದರೆ ಇವನು ಅಂಗಳಕ್ಕೆ ಓಡಿಹೋಗುತ್ತಾನಲ್ಲ, ಕೂಸನ್ನು ಬಿಟ್ಟು ಓಡಿದ್ದು ಅಂತ ಯಾರಿಗೂ ಕಾಣಲಿಲ್ವಾ? ಮೇರಿಯನ್ನು ಹೆತ್ತು ಹನ್ನೊಂದು ದಿನಕ್ಕೆ ತಾಯಿ ತೀರಿಕೊಂಡಳು. 1815ರಲ್ಲಿ ಮೇರಿಯ ಮೊದಲ ಮಗು ಹೋಯಿತು. ಮಗು ಬರೀ ತಣ್ಣಗಾಗಿತ್ತು, ಬೆಂಕಿ ಮುಂದೆ ಉಜ್ಜಿದೆವು, ಬದುಕಿತು ಅಂತ ಕಂಡ ಕನಸನ್ನು ಡೈರಿಯಲ್ಲಿ ಬರೆದಿದ್ದಾಳೆ. ಇದನ್ನು ಬರೆದದ್ದಕ್ಕೆ ನನ್ನ ಗೈಡು ‘ಲೇಖಕಿ ಗೋಳು ಬೇಡ’ ಅಂತ ಒಂದು ಅಧ್ಯಾಯ ಪೂರ್ತಿ ಹೊಡೆದುಹಾಕಿದರು. ಆಗ ನನ್ನ ಮಗಳಿಗೆ ಮೂರು ತಿಂಗಳು. ರಾತ್ರಿ ಎರಡಕ್ಕೆ ಹಾಲು ಕುಡಿಸಿ ಬರೆದದ್ದು.

ಹಳೇಪುಸ್ತಕ: ಗೈಡು ಹೇಳಿದ್ದು ಸರಿ. ಬರೆದವಳ ಬಾಣಂತನ ಬೇರೆ, ವಿಕ್ಟರನ ತಲೆ ಬೇರೆ.

ಕನ್ನಡಕದವಳು: ಯಾವ ಆವೃತ್ತಿ ಅಂತ ನೋಡದೆ ನಲವತ್ತು ಪುಟ ಬರೆದವರು ಹೇಳ್ತಿದ್ದೀರಿ.

ನೀಲಿಇಂಕು: ನಮ್ಮಪ್ಪನ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.

ಕೊನೆಸೆಮ್: ಲೈಬ್ರರಿ ಪ್ರತಿಯಲ್ಲಿ ಮೊದಲ ಪುಟಗಳೇ ಇಲ್ಲ. ಯಾವ ವರ್ಷದ್ದು ಅಂತ ಹೇಗೆ ಗೊತ್ತಾಗುತ್ತೆ?

ಹಳೇಪುಸ್ತಕ: ಆ ಹುಳದ ಕನಸು ಐದನೇ ಅಧ್ಯಾಯದಲ್ಲಿದ್ದರೆ 1831. ಮೊದಲ ಸಂಪುಟದ ನಾಲ್ಕರಲ್ಲಿದ್ದರೆ 1818.

ಕೊನೆಸೆಮ್: ಐದು. ಇಪ್ಪತ್ತೆರಡು ಪುಟ ಟೈಪ್ ಆಗಿದೆ.